ಬಿಯರ್ ತಾಜಾ ಇದೆ, ಮನೆಗೆ ಬಸ್ಸಿಲ್ಲ

ಅಂಗಡಿಯ ಬಾಟಲಿ ಬಿಯರನ್ನು ಚೀಲದಲ್ಲಿಟ್ಟು ಮನೆಗೆ ಒಯ್ಯಬಹುದು. ಮೈಕ್ರೋಬ್ರೂವರಿಯ ಬಿಯರ್ ಹಾಗಲ್ಲ. ಎಲ್ಲಿ ತಯಾರಾಯಿತೋ ಅಲ್ಲೇ ಕೂತು ಕುಡಿಯಬೇಕು. ಅದಕ್ಕೆ ಕೊಡುವ ಪರವಾನಗಿಯ ಮೂಲ ಕಲ್ಪನೆಯೇ ಅದು. 2020ರ ಲಾಕ್‌ಡೌನಿನಲ್ಲಿ ಟ್ಯಾಂಕುಗಳಲ್ಲಿದ್ದ ಬಿಯರ್ ಕೆಟ್ಟುಹೋಗುತ್ತದೆಂದು ಮಾಲೀಕರು ಮೊರೆಯಿಟ್ಟಾಗ ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಪಾರ್ಸೆಲ್‌ಗೆ ಒಪ್ಪಿದ್ದುಂಟು. ಆ ಕಾಲವನ್ನು ಬಿಟ್ಟರೆ ಗಿರಾಕಿಯೇ ಎದ್ದು ಹೋಗಬೇಕು, ಕುಡಿಯಬೇಕು, ಮರಳಬೇಕು. ಹೋಗುವುದಕ್ಕೆ ಮಂಗಳೂರಿನಲ್ಲಿ ಯಾವ ತೊಂದರೆಯೂ ಇಲ್ಲ. ಮರಳುವುದಕ್ಕೆ ಈ ನಗರ ಒಂದು ದಾರಿಯನ್ನೂ ಮಾಡಿಕೊಟ್ಟಿಲ್ಲ.

ಬಿಜೈ–ಲಾಲ್‌ಬಾಗ್ ಆಸುಪಾಸಿನಲ್ಲಿರುವ ಸ್ಪಿನ್‌ಡ್ರಿಫ್ಟ್‌ನಂಥ ಮೈಕ್ರೋಬ್ರೂವರಿಗೆ ಸಂಜೆ ಆರೂವರೆಗೆ ಹೊರಟವರನ್ನೇ ನೋಡಿ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಒಂದರ ಹಿಂದೆ ಒಂದು ಸಿಟಿ ಬಸ್ಸು. ಹಂಪನಕಟ್ಟೆ, ಪಿವಿಎಸ್, ಎಂ.ಜಿ. ರಸ್ತೆ, ಲಾಲ್‌ಬಾಗ್. ನಿಂತವರನ್ನು ಕಂಡಕ್ಟರ್ 'ದುಂಬು ಪೋಲೆ' ಎನ್ನುತ್ತ ಒಳಕ್ಕೆ ಸರಿಸುತ್ತಾನೆ, ಟ್ರಾಫಿಕ್ ಎಷ್ಟೇ ಇರಲಿ, ಅರ್ಧ ಗಂಟೆಯೊಳಗೆ ಇಳಿದಾಯಿತು. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆ. ಮಹಾನಗರಪಾಲಿಕೆಯ ಕಚೇರಿ ಇರುವುದೂ ಲಾಲ್‌ಬಾಗ್‌ನಲ್ಲೇ. ಕಾರಿಲ್ಲದವರಿಗೆ ಇದಕ್ಕಿಂತ ಅನುಕೂಲದ ಜಾಗ ನಗರದಲ್ಲಿ ಹೆಚ್ಚಿಲ್ಲ.

ರಾತ್ರಿ ಹತ್ತೂವರೆಗೆ ಅದೇ ರಸ್ತೆಗೆ ಬಂದು ನಿಂತರೆ ಚಿತ್ರ ಬೇರೆ. ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ಸ್ಲೀಪರ್ ಬಸ್ಸುಗಳು ಕಾಣುತ್ತವೆ. ಮುನ್ನೂರೈವತ್ತು ಕಿಲೋಮೀಟರ್ ದೂರದ ಊರಿಗೆ ಹೋಗಲು ಬಸ್ಸುಂಟು. ಐದು ಕಿಲೋಮೀಟರ್ ದೂರದ ಕುಲಶೇಖರಕ್ಕೆ, ನದಿ ದಾಟಿದರೆ ಸಿಗುವ ತೊಕ್ಕೊಟ್ಟಿಗೆ, ವಾಮಂಜೂರಿಗೆ ಇಲ್ಲ. ಒಂಬತ್ತು ದಾಟಿದರೆ ಸಿಟಿ ಬಸ್ಸು ವಿರಳ, ಹತ್ತರ ಮೇಲೆ ಬಹುತೇಕ ಇಲ್ಲವೇ ಇಲ್ಲ. ಇದು ಮಂಗಳೂರಿನವರಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿರುವುದರಿಂದಲೇ ಜನ ಸಂಜೆಯೇ ಬೈಕು, ಸ್ಕೂಟರ್, ಕಾರು ತೆಗೆದುಕೊಂಡು ಹೊರಡುತ್ತಾರೆ. ಕುಡಿದು ಗಾಡಿ ಓಡಿಸುವ ತೀರ್ಮಾನವನ್ನು ಅವರು ಮಾಡುವುದು ಕುಡಿದ ಮೇಲಲ್ಲ, ಮನೆಯಿಂದ ಕೀಲಿ ತೆಗೆದುಕೊಂಡು ಹೊರಡುವಾಗ.

ಕಾನೂನಿನ ಲೆಕ್ಕ ಬಹಳ ಜನರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದರೂ ಅದು ತಮ್ಮ ಲೋಟಕ್ಕೆ ಎಷ್ಟು ಹತ್ತಿರವಿದೆ ಎಂಬ ಅರಿವಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಈಗ ಲೆಕ್ಕ ಹಾಕಿ. ಶೇ. 5ರ ಬಿಯರಿನ ಅರ್ಧ ಲೀಟರಿನಲ್ಲಿ 25 ಮಿ.ಲೀ. ಮದ್ಯಸಾರವಿರುತ್ತದೆ, ತೂಕದಲ್ಲಿ ಸುಮಾರು 20 ಗ್ರಾಂ. ಎಪ್ಪತ್ತು ಕಿಲೋ ತೂಕದ ಗಂಡಸು ಅದನ್ನು ಒಂದೇ ಬಾರಿಗೆ ಕುಡಿದರೆ ರಕ್ತದಲ್ಲಿ ಅಂದಾಜು 40 ಮಿಲಿಗ್ರಾಂ ಆಗುತ್ತದೆ. ಅಂದರೆ ಒಂದೇ ದೊಡ್ಡ ಲೋಟಕ್ಕೆ ಮಿತಿ ಮೀರುತ್ತದೆ. ಐವತ್ತೈದು ಕಿಲೋ ತೂಕದ ಹೆಂಗಸಿಗೆ ಅದೇ ಲೋಟ ಅರವತ್ತರ ಆಚೆ ಕೊಂಡೊಯ್ಯುತ್ತದೆ. ಪಿತ್ತಜನಕಾಂಗ ಇದನ್ನು ಕರಗಿಸುವುದು ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ. ಎರಡು ಲೋಟ ಕುಡಿದ ಗಂಡಸು ಮತ್ತೆ ಮಿತಿಯೊಳಗೆ ಬರಲು ಮೂರು ಗಂಟೆಗೂ ಹೆಚ್ಚು ಕಾಯಬೇಕು. ಊಟ ಮಾಡಿದರೆ, ನೀರು ಕುಡಿದರೆ, ಮುಖ ತೊಳೆದುಕೊಂಡರೆ ಇದು ಬೇಗ ಕರಗುವುದಿಲ್ಲ.

ಇಂಗ್ಲೆಂಡಿನಲ್ಲಿ ಮಿತಿ 80, ಜರ್ಮನಿ ಮತ್ತು ಸ್ಕಾಟ್ಲೆಂಡಿನಲ್ಲಿ 50. ನಮ್ಮ ಮಿತಿ ಇವಕ್ಕಿಂತ ಬಿಗಿ, ಬಿಗಿಯಾಗಿರುವುದೇ ಸರಿ. 2019ರ ತಿದ್ದುಪಡಿಯ ನಂತರ ಮೊದಲ ಬಾರಿ ಸಿಕ್ಕಿಬಿದ್ದರೆ 10,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಮರುಕಳಿಸಿದರೆ 15,000 ರೂ. ದಂಡ, ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಅಪಘಾತವಾದರೆ ಸ್ವಂತ ವಾಹನದ ನಷ್ಟಕ್ಕೆ ವಿಮಾ ಕಂಪನಿ ಹಣ ಕೊಡುವುದಿಲ್ಲ. ಆದರೆ ಕಾನೂನು 'ಓಡಿಸಬೇಡ' ಎನ್ನುತ್ತದೆಯೇ ಹೊರತು ಮನೆ ಸೇರುವುದು ಹೇಗೆ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ನಗರ.

ತಯಾರಾದಲ್ಲೇ ಕುಡಿಯುವ ರೂಢಿ ಕರಾವಳಿಗೆ ಹೊಸದಲ್ಲ. ತುಳುನಾಡಿನ ಕಲಿ, ಅಂದರೆ ಕಳ್ಳು, ಹೀಗೆಯೇ ಇತ್ತು. ತೆಂಗು, ತಾಳೆ, ಬೈನೆ ಮರಗಳಿಂದ ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಯಷ್ಟರಲ್ಲಿ ಹುಳಿಯಾಗುತ್ತದೆ, ದೂರಕ್ಕೆ ಸಾಗಿಸುವ ಸರಕು ಅದಲ್ಲ. ಹಾಗಾಗಿ ಕಳ್ಳು ಇಳಿಸುವ ಮೂರ್ತೆದಾರನ ಮರ ಎಲ್ಲಿತ್ತೋ ಅದರ ಹತ್ತಿರವೇ ಗಡಂಗು, ಗಡಂಗಿನ ಸುತ್ತಲೇ ಕುಡಿಯುವವರ ಮನೆ. ಗದ್ದೆಯ ಬದುವಿನಲ್ಲಿ ನಡೆದು ಬಂದವರು ನಡೆದೇ ಹೋಗುತ್ತಿದ್ದರು. ಬಿದ್ದರೆ ಗದ್ದೆಗೆ ಬೀಳುತ್ತಿದ್ದರು. ದಾರಿಹೋಕನೊಬ್ಬನ ಪ್ರಾಣ ಹೋಗುತ್ತಿರಲಿಲ್ಲ. ಗಡಂಗು ಹಾಳುಮಾಡಿದ ಸಂಸಾರಗಳ ಕಥೆ ಬೇರೆಯೇ ಇದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಹೆಂಗಸರ ಕಣ್ಣೀರಿಗೆ ಕಾರಣವಾಗಿದ್ದ ಸಾರಾಯಿಯನ್ನು ರಾಜ್ಯ 2007ರ ಜುಲೈನಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಆದರೂ ಒಂದು ವಿಷಯದಲ್ಲಿ ಆ ವ್ಯವಸ್ಥೆ ಇಂದಿನದಕ್ಕಿಂತ ಸುರಕ್ಷಿತವಾಗಿತ್ತು: ಕುಡಿಯುವ ಜಾಗ ನಡೆದುಹೋಗುವ ದೂರದಲ್ಲಿತ್ತು.

ಬಾಟಲಿ ಬಂದು ಈ ನಂಟು ಕಡಿಯಿತು. 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಕೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್, ಸ್ವಾತಂತ್ರ್ಯದ ಹೊತ್ತಿಗೆ ಬಂಟ್ವಾಳ ಮೂಲದ ವಿಟ್ಠಲ ಮಲ್ಯರ ಕೈಗೆ ಬಂತು. ಮುಂದೆ ಬಿಯರ್ ದೇಶದ ಎಲ್ಲ ಮೂಲೆಗೂ ಲಾರಿಯಲ್ಲಿ ಹೋಯಿತು. ತಯಾರಾದಲ್ಲೇ ಕುಡಿಯುವ ಬಿಯರ್ ಮತ್ತೆ ಬಂದದ್ದು ಈ ಶತಮಾನದಲ್ಲಿ. ಬೆಂಗಳೂರಿನ ಮೊದಲ ಮೈಕ್ರೋಬ್ರೂವರಿ 'ದಿ ಬಿಯರ್ ಕ್ಲಬ್' 2011ರಲ್ಲಿ ಬಾಗಿಲು ತೆರೆದದ್ದು ಅದೇ ವಿಟ್ಠಲ ಮಲ್ಯರ ಹೆಸರಿನ ರಸ್ತೆಯಲ್ಲಿ. ಅಲ್ಲಿಂದ ಒಂದು ದಶಕದೊಳಗೆ ಈ ಉದ್ಯಮ ಮಂಗಳೂರಿನಂಥ ನಗರಗಳಿಗೂ ಹಬ್ಬಿತು. ದೊಡ್ಡ ತಾಮ್ರದ ಅಥವಾ ಸ್ಟೀಲಿನ ಹಂಡೆಗಳು, ಹುದುಗು ಬರಿಸುವ ಟ್ಯಾಂಕುಗಳು, ತಣಿಸುವ ಯಂತ್ರ ಇಷ್ಟಕ್ಕೂ ಜಾಗ ಬೇಕು. ಆದ್ದರಿಂದ ಇವು ಮಾಲು, ಹೋಟೆಲು, ವಿಶಾಲ ಕಟ್ಟಡಗಳನ್ನೇ ಹುಡುಕುತ್ತವೆ. ಅಂಥ ಕಟ್ಟಡಕ್ಕೆ ಪಾರ್ಕಿಂಗ್ ಇರಲೇಬೇಕೆಂದು ಕಟ್ಟಡ ನಿಯಮ ಹೇಳುತ್ತದೆ. ಕಟ್ಟಡದ ಬಾಗಿಲಿನಿಂದ ಬಸ್ ಸ್ಟಾಪಿನವರೆಗೆ ಜನ ನಡೆಯುವಂತಿರಬೇಕೆಂದು ಯಾರೂ ಕೇಳುವುದಿಲ್ಲ.

ಬೆಂಗಳೂರಿಗೂ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಆದರೆ ಒಂದು ಉತ್ತರವಾದರೂ ಇದೆ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗಿನ ಮೊದಲ ಮೆಟ್ರೊ 2011ರ ಅಕ್ಟೋಬರ್ 20ರಂದು ಓಡಿತು. ಮೈಕ್ರೋಬ್ರೂವರಿಗಳು ತಲೆಯೆತ್ತಿದ್ದೂ ಆ ಹೊತ್ತಿನಲ್ಲೇ, ಬಹಳಷ್ಟು ಆ ಮಾರ್ಗದ ಆಚೀಚೆಯೇ. ಇಂದಿರಾನಗರದ ಟಾಯ್ಟ್ ಎಂಬ ಬ್ರೂವರಿಗೆ ಹೋಗುವವರು ಅಲ್ಲಿನ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಹೊಸ ವರ್ಷದ ರಾತ್ರಿ ಮೆಟ್ರೊ ಸೇವೆಯನ್ನು ಎರಡು ಗಂಟೆಯವರೆಗೆ ವಿಸ್ತರಿಸುವ ಪದ್ಧತಿ ಬೆಳೆದಿದೆ. ಜನ ಕುಡಿಯುತ್ತಾರೆ, ಅವರನ್ನು ಮನೆ ಸೇರಿಸುವುದು ನಮ್ಮ ಹೊಣೆ ಎಂದು ಒಂದು ಸರ್ಕಾರಿ ಸಂಸ್ಥೆ ವರ್ಷಕ್ಕೆ ಒಂದು ರಾತ್ರಿಯಾದರೂ ಒಪ್ಪಿಕೊಂಡಂತಾಯಿತು.

ಜರ್ಮನಿಯ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಬಿಯರ್ ಉತ್ಸವ ನಡೆಯುವ ಮೈದಾನದ ಹೆಸರಿನದೇ ಸುರಂಗ ರೈಲು ನಿಲ್ದಾಣವಿದೆ. ಲಕ್ಷಾಂತರ ಜನ ಬರುವುದು ಹೋಗುವುದು ರೈಲಿನಲ್ಲೇ. ಮ್ಯೂನಿಕ್ ಇರುವ ರಾಜ್ಯದ್ದೇ ಆದ ಔಫ್‌ಸೆಸ್ ಎಂಬ ಹಳ್ಳಿಯಲ್ಲಿ ಜನಸಂಖ್ಯೆ ಒಂದೂವರೆ ಸಾವಿರಕ್ಕಿಂತ ಕಡಿಮೆ, ಬ್ರೂವರಿಗಳು ನಾಲ್ಕು. ತಲೆಲೆಕ್ಕದಲ್ಲಿ ಅತಿ ಹೆಚ್ಚು ಬ್ರೂವರಿಗಳೆಂದು ಗಿನ್ನೆಸ್ ದಾಖಲೆಗೆ ಸೇರಿದ ಊರದು. ನಾಲ್ಕನ್ನೂ ಜೋಡಿಸುವ ಕಾಲುದಾರಿಯೊಂದಿದೆ, ಸುಮಾರು ಹದಿನಾಲ್ಕು ಕಿಲೋಮೀಟರ್. ಜನ ಅಲ್ಲಿಗೆ ನಡೆಯಲೆಂದೇ ಹೋಗುತ್ತಾರೆ.

ಮಂಗಳೂರಿನಲ್ಲಿ ನಡೆಯುವುದು ಸುಲಭವಲ್ಲ. ಊರು ಗುಡ್ಡಗಳ ಮೇಲೆ ಕೂತಿದೆ. ಕದ್ರಿ, ಬಾವುಟಗುಡ್ಡೆ, ಬಲ್ಮಠ ಎಲ್ಲವೂ ಏರು ಇಳಿತ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹಾಸಿದ ಚಪ್ಪಡಿ, ನಡುನಡುವೆ ಚಪ್ಪಡಿ ಇಲ್ಲದ ಬಾಯಿ, ಕೆಲವೆಡೆ ಅದರ ಮೇಲೆಯೇ ನಿಲ್ಲಿಸಿದ ಬೈಕು. ಹಗಲಿನಲ್ಲಿ, ಏನೂ ಕುಡಿಯದೆ ನಡೆಯುವ ಹಿರಿಯರಿಗೇ ಇದು ಅಪಾಯ. ರಾತ್ರಿ ಎರಡು ಲೋಟ ಕುಡಿದವನಿಗೆ ಇದನ್ನು ಸುರಕ್ಷಿತ ದಾರಿ ಎಂದು ತೋರಿಸಲಾಗದು. ಕಾಂಕ್ರೀಟ್ ರಸ್ತೆಗೆ ಖರ್ಚು ಮಾಡಿದ ನಗರ ನಡೆಯುವವರಿಗೂ ಅಷ್ಟೇ ಮನಸ್ಸಿಟ್ಟು ಖರ್ಚು ಮಾಡಬೇಕಿತ್ತು.

ಇನ್ನುಳಿದದ್ದು ರಿಕ್ಷಾ ಮತ್ತು ಆ್ಯಪಿನಲ್ಲಿ ಕರೆಯುವ ಕಾರು. ಮಂಗಳೂರಿನ ರಿಕ್ಷಾದವರು ಮೀಟರ್ ಹಾಕುತ್ತಾರೆಂಬ ಹೆಸರು ಉಳಿಸಿಕೊಂಡವರು, ಅದು ಸಣ್ಣ ಮಾತಲ್ಲ. ಆದರೆ ರಾತ್ರಿ ಹತ್ತರ ಮೇಲೆ ದರ ಒಂದೂವರೆ ಪಟ್ಟು. ಕದ್ರಿ, ಬೆಂದೂರ್‌ವೆಲ್, ಕಂಕನಾಡಿಗೆ ಅದು ಹೊರೆಯಲ್ಲ. ದೇರಳಕಟ್ಟೆಯ ಮೆಡಿಕಲ್ ವಿದ್ಯಾರ್ಥಿಗೆ, ಸುರತ್ಕಲ್ ಎನ್‌ಐಟಿಕೆಯ ಹುಡುಗನಿಗೆ ಹೊರೆ. ಬಿಜೈಯಿಂದ ಎರಡೂ ಕಡೆಗೆ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ, ಹೋಗುವವನು ಖಾಲಿ ಮರಳಬೇಕೆಂದು ಚಾಲಕನೂ ಹಿಂಜರಿಯುತ್ತಾನೆ. ಬಂದ ಸ್ಕೂಟರಿನಲ್ಲೇ ಇಬ್ಬರು ಕೂತು ಹೆದ್ದಾರಿ 66ಕ್ಕೆ ಇಳಿಯುವುದು ಆಗ. ಬೇಡ ಎಂದು ಹೇಳಬೇಕಾದ ಹಂತದಲ್ಲಿ ಅವರ ಮುಂದೆ ಬೇರೆ ಆಯ್ಕೆ ಇಟ್ಟವರಿಲ್ಲ.

ಹೆದ್ದಾರಿಯ ಮಾತು ಬಂದಾಗ ಸುಪ್ರೀಂ ಕೋರ್ಟಿನ 2016ರ ಡಿಸೆಂಬರ್ 15ರ ತೀರ್ಪನ್ನು ನೆನೆಯಬೇಕು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಅದು ಹೇಳಿತು. 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮವನ್ನು ಕೆಲವೇ ತಿಂಗಳಲ್ಲಿ ನಗರಸಭೆ, ಪಾಲಿಕೆಗಳ ವ್ಯಾಪ್ತಿಗೆ ಅನ್ವಯಿಸುವುದಿಲ್ಲವೆಂದು ನ್ಯಾಯಾಲಯವೇ ಸ್ಪಷ್ಟಪಡಿಸಿತು. ರಸ್ತೆಯಲ್ಲಿ ಸಾಯುವವರ ಬಗ್ಗೆ ನ್ಯಾಯಾಲಯಕ್ಕಿದ್ದ ಕಳಕಳಿ ಅಪ್ಪಟ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಆದರೆ ಅಂಗಡಿಯನ್ನು 500 ಮೀಟರ್ ಆಚೆಗಿಟ್ಟರೆ ಕುಡಿಯುವವನು ಇನ್ನೂ 500 ಮೀಟರ್ ಹೆಚ್ಚು ಗಾಡಿ ಓಡಿಸುತ್ತಾನೆ, ಅಷ್ಟೆ. ಅಳೆಯಬೇಕಾದದ್ದು ಬಾರಿನಿಂದ ಬಸ್ ಸ್ಟಾಪಿಗೆ ಎಷ್ಟು ದೂರ ಎಂಬುದನ್ನು.

ಅಷ್ಟರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. 2024ರಲ್ಲಿ ಬೆಂಗಳೂರು ಮತ್ತು ರಾಜ್ಯದ ಇತರ ಹತ್ತು ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ಹೋಟೆಲು, ಬಾರುಗಳು ರಾತ್ರಿ ಒಂದು ಗಂಟೆಯವರೆಗೆ ತೆರೆದಿರಲು ಆದೇಶ ಹೊರಟಿತು. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಮಾರುವ ಹೊತ್ತನ್ನು ವಿಸ್ತರಿಸಿದವರು ಬಸ್ಸಿನ ಹೊತ್ತನ್ನು ವಿಸ್ತರಿಸಲಿಲ್ಲ. ಈ ಎರಡು ತೀರ್ಮಾನಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಇಲ್ಲದಿರುವುದೇ ಇಲ್ಲಿನ ದೊಡ್ಡ ದೋಷ.

ಮಂಗಳೂರಿನ ಕಷ್ಟ ಇನ್ನೂ ಸ್ವಲ್ಪ ವಿಶೇಷ. ಇದು ಖಾಸಗಿ ಬಸ್ಸಿನ ಊರು. ಸಿಪಿಸಿ, ಶಂಕರ್ ವಿಠಲ್, ಹನುಮಾನ್ ಹೆಸರುಗಳನ್ನು ಅವಿಭಜಿತ ದಕ್ಷಿಣ ಕನ್ನಡದ ಹಿರಿಯರು ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ಸರ್ಕಾರ ತಲುಪದ ಹಳ್ಳಿಗಳನ್ನು ತಲುಪಿದ್ದು ಅವೇ. ನಗರದ ಒಳಗೆ ನರ್ಮ್ ಯೋಜನೆಯಡಿ ಸರ್ಕಾರದ ಬಸ್ಸುಗಳು ಬಂದವಾದರೂ ಸಂಖ್ಯೆಯಲ್ಲಿ ಕಡಿಮೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಬೆಂಗಳೂರು, ಮೈಸೂರಿನ ಹೆಂಗಸರು ಸಿಟಿ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡಿದರೆ ಮಂಗಳೂರಿನವರಿಗೆ ಆ ಭಾಗ್ಯ ಕೆಲವೇ ಮಾರ್ಗಗಳಲ್ಲಿ. ಖಾಸಗಿ ಮಾಲೀಕ ಕಲೆಕ್ಷನ್ ನೋಡಿಯೇ ಬಸ್ಸು ಓಡಿಸಬೇಕು. ರಾತ್ರಿ ಹತ್ತು ಮಂದಿಗಾಗಿ ಡೀಸೆಲ್ ಸುಡುವುದು ಅವನಿಗೆ ಕಟ್ಟುವುದಿಲ್ಲ, ಕೊನೆಯ ಟ್ರಿಪ್ ಕಡಿತವಾಗುತ್ತದೆ. ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಪರ್ಮಿಟ್ಟಿನಲ್ಲಿ ಬರೆದ ಸಮಯಕ್ಕೆ ಬಸ್ಸು ಓಡುತ್ತಿದೆಯೇ ಎಂದು ನೋಡಬೇಕಾದದ್ದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಕಟ್ಟದ ಟ್ರಿಪ್ಪಿಗೆ ಹಣ ಕೊಡಬೇಕಾದದ್ದು ಅಬಕಾರಿ ಹಣ ಎಣಿಸುವ ಸರ್ಕಾರ.

ಕುಡುಕರಿಗಾಗಿ ಜನರ ತೆರಿಗೆ ಹಣದಲ್ಲಿ ಬಸ್ಸೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಕೇಳುವವರು ಬ್ರೂವರಿಯ ಮುಂಬಾಗಿಲನ್ನು ಮಾತ್ರ ನೋಡುತ್ತಿದ್ದಾರೆ. ಹಿಂಬಾಗಿಲಿನಿಂದ ಹೊರಬರುವವರು ಯಾರು? ಲೋಟ ತೊಳೆದವರು, ಮೀನು ಹುರಿದವರು, ಎಂಟು ಗಂಟೆ ನಿಂತೇ ಬಡಿಸಿದವರು, ಶಟರ್ ಎಳೆದ ವಾಚ್‌ಮನ್. ಗಿರಾಕಿಗಳಿಗಿಂತ ತಡವಾಗಿ ಹೊರಡುವ ಇವರು ಒಂದು ತೊಟ್ಟೂ ಕುಡಿದಿರುವುದಿಲ್ಲ, ಅವರಲ್ಲಿ ಹೆಚ್ಚಿನವರಿಗೆ ಕಾರೂ ಇಲ್ಲ. ಮಾಲಿನ ಬಟ್ಟೆ ಅಂಗಡಿಯ ಹುಡುಗಿಯರು ಒಂಬತ್ತೂವರೆಗೆ ಬಿಲ್ ಕೌಂಟರ್ ಮುಚ್ಚಿ ಓಡುವುದು ಕೊನೆಯ ಬಸ್ಸಿಗಾಗಿ. ವೆನ್ಲಾಕ್ ಆಸ್ಪತ್ರೆಯಲ್ಲಿ, ಕಂಕನಾಡಿಯ ಫಾದರ್ ಮುಲ್ಲರ್‌ನಲ್ಲಿ ರಾತ್ರಿ ಪಾಳಿಯ ನರ್ಸುಗಳು, ರೋಗಿಯ ಜೊತೆಗಿದ್ದು ಮನೆಗೆ ಹೊರಟ ಹಳ್ಳಿಯವರು, ಸೆಂಟ್ರಲ್ ರೈಲು ನಿಲ್ದಾಣದಲ್ಲಿ ರಾತ್ರಿ ಗಾಡಿಯಿಂದ ಇಳಿದವರು, ಬೆಳಗಿನ ಜಾವ ಬಂದರಿನ ದಕ್ಕೆಗೆ ಹೋಗಬೇಕಾದ ಮೀನುಗಾರ ಮಹಿಳೆಯರು ಎಲ್ಲರಿಗೂ ಆ ಬಸ್ಸು ಬೇಕು. ಬಿಯರ್ ಕುಡಿಯುವವರು ಅದರಲ್ಲಿ ಒಂದೆರಡು ಸೀಟು ಹಿಡಿದರೆ ಊರಿಗೆ ಲಾಭವೇ. ಅಷ್ಟು ಸ್ಟೇರಿಂಗ್ ಚಕ್ರಗಳು ಆ ರಾತ್ರಿ ರಸ್ತೆಗೆ ಇಳಿದಿರುವುದಿಲ್ಲ.

ಹೆಂಗಸರ ವಿಷಯದಲ್ಲಿ ಮಂಗಳೂರಿಗೆ ಒಂದು ಹಳೆಯ ಗಾಯವಿದೆ. 2009ರ ಜನವರಿ 24ರಂದು ಬಲ್ಮಠದ ಅಮ್ನೇಷಿಯಾ ಪಬ್ಬಿಗೆ ನುಗ್ಗಿ ಶ್ರೀರಾಮ ಸೇನೆಯವರು ಯುವತಿಯರನ್ನು ಹೊಡೆದ ದೃಶ್ಯ ಇಡೀ ದೇಶ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. ಆ ದಿನದ ನಂತರ ಈ ಊರಿನಲ್ಲಿ ಹೆಣ್ಣುಮಗಳೊಬ್ಬಳು ರಾತ್ರಿ ಹೊರಗಿರುವುದು ಎಷ್ಟೋ ಮನೆಗಳಲ್ಲಿ ವಾಗ್ವಾದದ ವಿಷಯವಾಯಿತು. ಈಗ ಮೈಕ್ರೋಬ್ರೂವರಿಗಳಲ್ಲಿ ಗೆಳತಿಯರ ಗುಂಪು, ಅಮ್ಮ–ಮಗಳು, ಇಡೀ ಕುಟುಂಬ ಕೂತು ಊಟ ಮಾಡುವುದು ಕಾಣುತ್ತದೆ. ಇದು ಒಳ್ಳೆಯ ಬದಲಾವಣೆ. ಆದರೆ ಕಾರಿರುವ ಮನೆಯ ಹೆಂಗಸಿಗೆ ಸಿಕ್ಕ ಈ ಸ್ವಾತಂತ್ರ್ಯ ಪಿ.ಜಿ.ಯಲ್ಲಿರುವ ಹುಡುಗಿಗೆ ಅಷ್ಟೇ ಸಿಕ್ಕಿಲ್ಲ. ದೀಪವಿರುವ ಸ್ಟಾಪು, ಜನರಿರುವ ಬಸ್ಸು, ಕಂಡಕ್ಟರಿನ ಕಣ್ಣು: ಇವು ಯಾವ ಭಾಷಣಕ್ಕಿಂತಲೂ ಹೆಚ್ಚು ಧೈರ್ಯ ಕೊಡುತ್ತವೆ.

ಕುಡಿತವನ್ನು ಹೊಗಳುವುದು ಈ ಬರಹದ ಉದ್ದೇಶವಲ್ಲ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಕುಡಿಯದೇ ಇರಲಿ. ಆದರೆ ಪರವಾನಗಿ ಕೊಟ್ಟಾಗಿದೆ, ಟ್ಯಾಂಕು ತುಂಬಿದೆ, ಶನಿವಾರ ಸಂಜೆ ಮೇಜು ಖಾಲಿಯಿಲ್ಲ. ಇನ್ನು ಉಳಿದದ್ದು ರಸ್ತೆಯ ಮೇಲಿರುವ ಉಳಿದವರ ಜೀವ.

ಮಾಡಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಶುಕ್ರವಾರ, ಶನಿವಾರ, ಭಾನುವಾರ ರಾತ್ರಿ ಹತ್ತರಿಂದ ಒಂದೂವರೆವರೆಗೆ ಸ್ಟೇಟ್‌ಬ್ಯಾಂಕ್, ಸೆಂಟ್ರಲ್ ನಿಲ್ದಾಣ, ಲಾಲ್‌ಬಾಗ್, ಬಿಜೈ ಮುಟ್ಟಿ ಸುರತ್ಕಲ್, ದೇರಳಕಟ್ಟೆ, ವಾಮಂಜೂರು ಕಡೆಗೆ ಗಂಟೆಗೊಂದು ಬಸ್ಸು ಓಡಿಸಿ ಆರು ತಿಂಗಳು ನೋಡಬಹುದು. ಬಸ್ಸು ಕೆಎಸ್‌ಆರ್‌ಟಿಸಿಯದಾದರೂ ಸರಿ, ಖಾಸಗಿಯವರದಾದರೂ ಸರಿ. ಬ್ರೂವರಿಗಳು ಕೊನೆಯ ಬಸ್ಸಿನ ಸಮಯವನ್ನು ಬಿಲ್ಲಿನ ಮೇಲೆ ಅಚ್ಚು ಹಾಕಲಿ, ರಾತ್ರಿ ಬಿಟ್ಟುಹೋದ ವಾಹನಕ್ಕೆ ಬೆಳಿಗ್ಗೆವರೆಗೆ ಪಾರ್ಕಿಂಗ್ ಹಣ ಕೇಳದಿರಲಿ. ಬಿಜೈಯಲ್ಲಿ, ಬಲ್ಮಠದಲ್ಲಿ ಪೊಲೀಸರು ಗುರುತಿಸಿದ ರಾತ್ರಿ ರಿಕ್ಷಾ ಪಾರ್ಕ್ ಇರಲಿ. ಪಾಲಿಕೆ ತನ್ನ ಕಚೇರಿಯ ಮುಂದಿನ ಲಾಲ್‌ಬಾಗ್ ರಸ್ತೆಯಿಂದಲೇ ಚಪ್ಪಡಿ ಸರಿಪಡಿಸಲು ಶುರುಮಾಡಲಿ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದಿನ ಸಭೆಯಲ್ಲಿ ರಾತ್ರಿ ಬಸ್ಸಿನ ವಿಷಯ ಚರ್ಚೆಗೆ ಬರಬೇಕು. ಅದು ಬರುವಂತೆ ಬ್ರೂವರಿ ಮಾಲೀಕರು, ಬಸ್ ಮಾಲೀಕರ ಸಂಘ, ಆಸ್ಪತ್ರೆಗಳು, ಕಾಲೇಜುಗಳು ಒಟ್ಟಾಗಿ ಅರ್ಜಿ ಕೊಡಲಿ. ಅಲ್ಲಿಯವರೆಗೆ, ಈ ಶನಿವಾರ ಬಿಜೈಗೆ ಹೊರಟಿರುವವರು ವಾಹನದ ಕೀಲಿಯನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿ, ಮರಳುವ ರಿಕ್ಷಾದ ಹಣವನ್ನು ಮೊದಲೇ ತೆಗೆದಿಡಿ.